ನೀರುಗಂಟಿ ವಿಲಿಯಂ ಮಲ್ಹಾಲಂಡ್

ಕೆರೆಯ ತೂಬನ್ನು ತೆರೆದು ಮುಚ್ಚಿ, ಕಾಲುವೆಯ ಹೂಳನ್ನೆತ್ತಿ, ಸರದಿಯನ್ನರಿತು ಗದ್ದೆಗದ್ದೆಗೂ ನೀರನ್ನು ಹಾಯಿಸುವವನಿಗೆ ನಮ್ಮ ಗ್ರಾಮಗಳಲ್ಲಿ ನೀರುಗಂಟಿಯೆಂದು ಹೆಸರು. ಅಧಿಕಾರದಿಂದ ಆತನು ಚಿಕ್ಕವನಾದರೂ ಹೊಣೆಯಿಂದ ದೊಡ್ಡವನು; ಒಂದಿರುಳು ಆತನು ಮೈಮರೆತರೆ ಊರಿನ ಬೆಳೆಯೆಲ್ಲ ಒಣಗೀತು, ಇಲ್ಲವೆ ಕೊಚ್ಚಿಹೋದೀತು. ಸ್ಪೇನ್ ದೇಶದವರು ಅಮೆರಿಕದ ಪಶ್ಚಿಮ ತೀರದಲ್ಲಿ ಬಂದು ನೆಲೆಸಿದಾಗ ಇಂಥದೇ ಒಂದು ಹುದ್ದೆಯನ್ನು ಏರ್ಪಡಿಸಿಕೊಂಡಿದ್ದರು. ಅವರ ನುಡಿಯಲ್ಲಿ ಆತನಿಗೆ ಕಾಲುವೆಯವನೆಂದು ಹೆಸರು. ಅಂಥ ಕೆಳಹುದ್ದೆಯಿಂದ ತೊಡಗಿ, ಒಂದು ಮಹಾನಗರದ ದಾಹವನ್ನೇ ಹೆಗಲ ಮೇಲೆ ಹೊತ್ತು, ಕೀರ್ತಿಯ ಶಿಖರವನ್ನೂ ಅಪಕೀರ್ತಿಯ ಪಾತಾಳವನ್ನೂ ಒಂದೇ ಜನ್ಮದಲ್ಲಿ ಕಂಡ ವಿಲಿಯಂ ಮಲ್ಹಾಲಂಡನ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಉದ್ಯುಕ್ತನಾಗಿದ್ದೇನೆ.

ಈತನು ೧೮೫೫ನೆಯ ಇಸವಿ ಸೆಪ್ಟೆಂಬರ್ ೧೧ರಂದು ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಜನ್ಮವೆತ್ತಿದನು. ಬಾಲ್ಯವು ಡಬ್ಲಿನ್ನಿನಲ್ಲಿ ಕಳೆಯಿತು. ಏಳನೆಯ ವಯಸ್ಸಿನಲ್ಲಿ ತಾಯಿ ತೀರಿಕೊಂಡಳು; ತಂದೆ ಮರುಮದುವೆ ಮಾಡಿಕೊಂಡನು. ಶಾಲೆಯ ಮೇಲೆ ಮನಸ್ಸು ನಿಲ್ಲದ ಹುಡುಗನು ಹದಿನೈದನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಹಡಗು ಹತ್ತಿದನು. ನಾಲ್ಕು ವರ್ಷ ಸಾಗರದ ಮೇಲೆ ದುಡಿದು ೧೮೭೪ರಲ್ಲಿ ನ್ಯೂಯಾರ್ಕಿನಲ್ಲಿ ಇಳಿದನು. ಮಹಾಸರೋವರಗಳಲ್ಲಿ ಸರಕು ಸಾಗಿಸುವ ಹಡಗಿನ ಕೂಲಿ, ಮಿಷಿಗನ್ ಪ್ರಾಂತದ ಕಾಡುಗಳಲ್ಲಿ ಮರ ಕಡಿಯುವ ಕೆಲಸ, ಬಂಧುವೊಬ್ಬನ ಜವಳಿ ಅಂಗಡಿಯಲ್ಲಿ ಗುಮಾಸ್ತಿಕೆ, ಹೀಗೆ ಹೊಟ್ಟೆಪಾಡಿಗಾಗಿ ಮಾಡದ ಕೆಲಸವಿರಲಿಲ್ಲ. ಶಾಲೆಯೊಂದರ ಸಂಚಿಕೆಯಲ್ಲಿ ಶಾಲೆ ಬಿಟ್ಟು ಓಡಿದವನ ಕಥೆಯೇ ಎಂದು ಉಪಾಧ್ಯಾಯ ಮಿತ್ರರು ಹುಬ್ಬೇರಿಸದಿರಲಿ. ಈತನು ಓಡಿದುದು ಶಾಲೆಯಿಂದಲೇ ಹೊರತು ವಿದ್ಯೆಯಿಂದಲ್ಲವೆಂಬುದು ಮುಂದೆ ತಿಳಿಯುವುದು. ಪನಾಮಾ ಭೂಸಂಧಿಯನ್ನು, ರೈಲಿಗೆ ಹಣವಿಲ್ಲದೆ ಕಾಲ್ನಡಿಗೆಯಲ್ಲಿಯೇ ದಾಟಿ, ೧೮೭೭ರಲ್ಲಿ ಆತನು ಕ್ಯಾಲಿಫೋರ್ನಿಯಾಕ್ಕೆ ಬಂದು, ಲಾಸ್ ಏಂಜಲೀಸ್ ಎಂಬ ಊರನ್ನು ಸೇರಿದನು.

ಆಗ ಅದು ನಗರವೆನ್ನಿಸಿಕೊಳ್ಳುವಷ್ಟು ದೊಡ್ಡದಾಗಿರಲಿಲ್ಲ. ೧೮೮೦ರ ಜನಗಣತಿಯಲ್ಲಿ ಅಲ್ಲಿದ್ದವರು ೧೧,೧೮೩ ಮಂದಿ. ಮುಂದೆ ಪಶ್ಚಿಮ ಸಮುದ್ರ, ಬೆನ್ನಿಗೆ ಬೆಟ್ಟಗಳ ಸಾಲು, ಬೆಟ್ಟದಾಚೆ ಮೊಹಾವಿ ಎಂಬ ಘೋರ ಮರುಭೂಮಿ. ವರ್ಷದ ಸರಾಸರಿ ಮಳೆ ಸುಮಾರು ಹದಿನೈದು ಅಂಗುಲ. ಅದೂ ಚಳಿಗಾಲದ ಕೆಲವೇ ತಿಂಗಳುಗಳಲ್ಲಿ ಬಿದ್ದು, ಬೇಸಿಗೆಯುದ್ದಕ್ಕೂ ಆಕಾಶವು ಬರಿದಾಗಿರುವುದು. ಊರಿಗೆ ಆಧಾರವಾಗಿದ್ದುದು ಅದೇ ಹೆಸರಿನ ಒಂದು ಚಿಕ್ಕ ಹೊಳೆ. ೧೭೮೧ರಲ್ಲಿ ಊರು ಕಟ್ಟಿದವರು ಆ ಹೊಳೆಯಿಂದ ತೆಗೆದ ಕಾಲುವೆಗೆ ತಾಯಿಗಾಲುವೆಯೆಂದೇ ಹೆಸರಿಟ್ಟಿದ್ದರು. ಕೆಲಕಾಲ ಬಾವಿ ತೋಡುವ ಕೆಲಸದಲ್ಲಿದ್ದ ಮಲ್ಹಾಲಂಡನು ೧೮೭೮ರಲ್ಲಿ ಊರಿನ ನೀರು ಸರಬರಾಜಿನ ಗುತ್ತಿಗೆ ಹಿಡಿದಿದ್ದ ಖಾಸಗಿ ಕಂಪನಿಯನ್ನು ಸೇರಿ, ಕಾಲುವೆಯ ಕಳೆ ಹೂಳುಗಳನ್ನು ತೆಗೆಯುವ ಆಳಾದನು. ಕಾಲುವೆಯ ಪಕ್ಕದ ಒಂದು ಗುಡಿಸಲೇ ಆತನ ವಾಸಸ್ಥಾನವಾಯಿತು.

ಈ ಕಾಲದ ಒಂದು ಸಂಗತಿಯು ಆ ನಗರದಲ್ಲಿ ಜನಜನಿತವಾಗಿದೆ. ಕಂಪನಿಯ ಅಧ್ಯಕ್ಷನು ಒಂದು ದಿನ ಕುದುರೆಗಾಡಿಯಲ್ಲಿ ಆ ದಾರಿಯಾಗಿ ಹೋಗುತ್ತಿದ್ದಾಗ, ಕಾಲುವೆಯೊಳಗೆ ಮೈಮರೆತು ದುಡಿಯುತ್ತಿದ್ದ ಯುವಕನನ್ನು ಕಂಡು, ನೀನು ಯಾರು, ಏನು ಮಾಡುತ್ತಿರುವೆ ಎಂದು ವಿಚಾರಿಸಿದನಂತೆ. ತಲೆಯನ್ನೂ ಎತ್ತದೆ ಆ ಯುವಕನು, ಅದು ನಿನಗೆ ಸಂಬಂಧಿಸಿದ ವಿಷಯವಲ್ಲವೆಂದು ಗದರಿಬಿಟ್ಟನಂತೆ. ಬಂದವನು ಯಾರೆಂಬುದು ಅನಂತರ ತಿಳಿದಾಗ, ಹೇಗೂ ಕೆಲಸ ಹೋಯಿತೆಂದುಕೊಂಡು ಬಾಕಿ ಸಂಬಳವನ್ನು ಕೇಳಲು ಕಚೇರಿಗೆ ಹೋದವನಿಗೆ ದೊರೆತುದು ಮೇಲ್ಪಟ್ಟ ಹುದ್ದೆ. ಅಧ್ಯಕ್ಷನ ಗುಣಗ್ರಾಹಿತ್ವವು ದೊಡ್ಡದು, ನಿಜ. ಆದರೆ ತನ್ನ ಕೆಲಸದ ನಡುವೆ ಇನ್ನೊಬ್ಬರು ಬಾಯಿ ಹಾಕುವುದನ್ನು ಸಹಿಸದ ಈ ಸ್ವಭಾವವನ್ನು ವಾಚಕರು ಇಲ್ಲಿಯೇ ಗಮನದಲ್ಲಿಟ್ಟುಕೊಳ್ಳಬೇಕು. ಅದು ಆತನನ್ನು ಕೊನೆಯವರೆಗೂ ಬಿಡಲಿಲ್ಲ.

ಹಗಲೆಲ್ಲ ಗುದ್ದಲಿ ಹಿಡಿದು ದುಡಿದವನು ಇರುಳಿನಲ್ಲಿ ದೀಪದ ಮುಂದೆ ಕುಳಿತು ಗಣಿತ, ಭೂವಿಜ್ಞಾನ, ಜಲಶಾಸ್ತ್ರಗಳನ್ನು ವ್ಯಾಸಂಗ ಮಾಡಿದನು. ಗುರುವಿಲ್ಲ, ಪರೀಕ್ಷೆಯಿಲ್ಲ, ಪದವಿಯಿಲ್ಲ. ೧೮೮೬ರಲ್ಲಿ, ಕಂಪನಿಗೆ ಸೇರಿದ ಎಂಟನೆಯ ವರ್ಷದಲ್ಲಿ, ಅದರ ಮೇಲ್ವಿಚಾರಕನಾದನು. ಆ ವೇಳೆಗೆ ರೈಲುಮಾರ್ಗಗಳು ಬಂದು ಊರು ಉಬ್ಬತೊಡಗಿತ್ತು. ೧೮೯೦ರಲ್ಲಿ ಐವತ್ತು ಸಾವಿರ, ೧೯೦೦ರಲ್ಲಿ ಒಂದು ಲಕ್ಷ ಎರಡು ಸಾವಿರ ಜನ. ನೀರಿನಂಥ ವಸ್ತುವು ಲಾಭಕ್ಕಾಗಿ ದುಡಿಯುವ ಕಂಪನಿಯ ಕೈಯಲ್ಲಿರಬಾರದೆಂದು ನಗರದ ಜನ ನಿಶ್ಚಯಿಸಿ, ದೀರ್ಘಕಾಲದ ವಾದವಿವಾದಗಳಾದ ಮೇಲೆ, ೧೯೦೨ರಲ್ಲಿ ೨೦ ಲಕ್ಷ ಡಾಲರುಗಳನ್ನು ಕೊಟ್ಟು ಜಲವ್ಯವಸ್ಥೆಯನ್ನು ನಗರದ ಸ್ವತ್ತನ್ನಾಗಿ ಮಾಡಿಕೊಂಡರು. ಆಗ ಒಂದು ವಿಚಿತ್ರವು ಬೆಳಕಿಗೆ ಬಂದಿತು. ಯಾವ ಬೀದಿಯ ಕೆಳಗೆ ಎಷ್ಟು ಗಾತ್ರದ ಕೊಳವೆಯಿದೆ, ಅದನ್ನು ಹೂಳಿದುದು ಯಾವಾಗ, ಕೀಲಿಯೆಲ್ಲಿ, ತಿರುವೆಲ್ಲಿ ಎಂಬುದಕ್ಕೆ ಸರಿಯಾದ ನಕ್ಷೆಯೇ ಇರಲಿಲ್ಲ. ಅದೆಲ್ಲವೂ ಇದ್ದುದು ಮಲ್ಹಾಲಂಡನ ತಲೆಯಲ್ಲಿ. ಕೇಳಿದುದಕ್ಕೆಲ್ಲ ಆತನು ನೆನಪಿನಿಂದಲೇ ಉತ್ತರ ಹೇಳಿದನು. ನೆಲವನ್ನು ಅಗೆದು ನೋಡಿದಾಗ ಉತ್ತರಗಳು ಸರಿಯಾಗಿದ್ದವು. ಕೊಳವೆಗಳನ್ನು ಕೊಂಡ ನಗರವು ಈ ಮನುಷ್ಯನನ್ನೂ ಜೊತೆಗೆ ಪಡೆಯಬೇಕಾಯಿತು.

ಆತನು ಮೊದಲು ಕೈಹಾಕಿದ ಸುಧಾರಣೆಯು ಆಡಂಬರದ್ದಲ್ಲ. ಮನೆಮನೆಗೂ ನೀರಿನ ಮೀಟರುಗಳನ್ನು ಹಾಕಿಸಿದನು. ಅದುವರೆಗೆ ಎಷ್ಟು ಬಳಸಿದರೂ ಒಂದೇ ಶುಲ್ಕವಾಗಿದ್ದುದರಿಂದ ಜನರು ನೀರನ್ನು ನೀರಿನಂತೆಯೇ ಚೆಲ್ಲುತ್ತಿದ್ದರು. ಅಳತೆಗೆ ತಕ್ಕ ಬೆಲೆ ಬಂದೊಡನೆ ತಲಾ ಬಳಕೆಯು ಗಣನೀಯವಾಗಿ ಇಳಿಯಿತು. ಆದರೆ ತಲಾ ಬಳಕೆ ಇಳಿದರೂ ತಲೆಗಳ ಸಂಖ್ಯೆಯು ಏರುತ್ತಿತ್ತು. ಸರಿಯಾಗಿ ಮಳೆಯಿಲ್ಲದ ವರ್ಷಗಳು ಸಾಲಾಗಿ ಬಂದವು. ೧೯೦೪ರ ಬೇಸಿಗೆಯಲ್ಲಿ ಜಲಾಶಯಗಳೊಳಕ್ಕೆ ಬರುವ ನೀರಿಗಿಂತ ಹೊರಕ್ಕೆ ಹೋಗುವ ನೀರು ಹೆಚ್ಚಾದ ದಿನಗಳನ್ನು ಆತನು ಲೆಕ್ಕದಲ್ಲಿ ಕಂಡನು. ಇಂದಿನ ಜನಕ್ಕೆ ಸಾಲುವುದೇ ಎಂಬ ಪ್ರಶ್ನೆಯನ್ನು ಬಿಟ್ಟು, ಇಪ್ಪತ್ತು ಮೂವತ್ತು ವರ್ಷಗಳ ಮುಂದೆ ಇಲ್ಲಿರುವ ಜನಕ್ಕೆ ಏನು ಗತಿ ಎಂಬ ಪ್ರಶ್ನೆಯನ್ನು ಆತನು ಕೇಳಿಕೊಂಡನು. ದೀರ್ಘದರ್ಶಿ ಎಂಬ ಶಬ್ದವನ್ನು ನಾವು ಅತಿಯಾಗಿ ಬಳಸಿ ಸವೆಸಿದ್ದೇವೆ. ಇಲ್ಲಿ ಅದನ್ನು ಅದರ ನಿಜವಾದ ಅರ್ಥದಲ್ಲಿಯೇ ಪ್ರಯೋಗಿಸಬಹುದು.

ಉತ್ತರವನ್ನು ತೋರಿಸಿಕೊಟ್ಟವನು ಆತನ ಗೆಳೆಯ ಫ್ರೆಡ್ ಈಟನ್. ಈಟನ್ನನು ಅದೇ ನಗರದಲ್ಲಿ ಹುಟ್ಟಿದವನು, ಮಲ್ಹಾಲಂಡನಿಗಿಂತ ಮೊದಲು ಅದೇ ಕಂಪನಿಯ ಮೇಲ್ವಿಚಾರಕನಾಗಿದ್ದವನು, ಒಮ್ಮೆ ನಗರದ ಮೇಯರ್ ಆಗಿದ್ದವನು. ೧೯೦೪ರಲ್ಲಿ ಇವರಿಬ್ಬರೂ ಹೇಸರಗತ್ತೆಗಳ ಬಂಡಿಯೊಂದನ್ನು ಹೂಡಿಕೊಂಡು, ಮೊಹಾವಿ ಮರುಭೂಮಿಯನ್ನು ಹಾಯ್ದು, ಇನ್ನೂರು ಮೈಲಿಗೂ ಮಿಗಿಲಾಗಿ ಉತ್ತರಕ್ಕೆ ಪಯಣಿಸಿದರು. ಅಲ್ಲಿ ಸಿಯೆರಾ ನೆವಾಡಾ ಪರ್ವತಗಳ ಪೂರ್ವಪಾರ್ಶ್ವದಲ್ಲಿ ಓವೆನ್ಸ್ ಎಂಬ ಕಣಿವೆ. ಪರ್ವತದ ಹಿಮವು ಕರಗಿ ನೂರಾರು ತೊರೆಗಳಾಗಿ ಇಳಿದು, ಓವೆನ್ಸ್ ನದಿಯಾಗಿ ಹರಿದು, ಕಡಲನ್ನು ಸೇರದೆ, ಅದೇ ಹೆಸರಿನ ಉಪ್ಪುನೀರಿನ ಸರೋವರದಲ್ಲಿ ಕೊನೆಗಾಣುತ್ತಿತ್ತು. ಹಿಂದೆ ಬೆಳ್ಳಿಯ ಗಣಿಗಳ ಕಾಲದಲ್ಲಿ ಹಬೆಯ ಹಡಗುಗಳು ಲೋಹದ ಗಟ್ಟಿಗಳನ್ನು ಹೊತ್ತು ತೇಲಿದ ಸರೋವರವದು. ಆ ಕಣಿವೆಯು ಸಮುದ್ರಮಟ್ಟಕ್ಕಿಂತ ಮೂರೂವರೆ ಸಾವಿರ ಅಡಿಗೂ ಮಿಗಿಲಾದ ಎತ್ತರದಲ್ಲಿದೆ. ಲಾಸ್ ಏಂಜಲೀಸ್ ಸಮುದ್ರದ ಬಳಿಯಲ್ಲಿದೆ. ನಡುವೆ ಬೆಟ್ಟವಿದ್ದರೇನು, ಮರುಭೂಮಿಯಿದ್ದರೇನು? ಒಂದು ಪಂಪಿನ ಸಹಾಯವೂ ಇಲ್ಲದೆ, ಕೇವಲ ಇಳಿಜಾರಿನ ಬಲದಿಂದಲೇ, ಆ ನೀರು ಈ ನಗರಕ್ಕೆ ಬಂದೀತೆಂದು ಮಲ್ಹಾಲಂಡನು ಮನಸ್ಸಿನಲ್ಲಿಯೇ ಅಳೆದುಕೊಂಡನು.

ಆದರೆ ಆ ಕಣಿವೆಯು ನಿರ್ಜನವಾಗಿರಲಿಲ್ಲ. ಬಿಳಿಯರು ಬರುವುದಕ್ಕೆ ಮುಂಚೆಯೇ ಅಲ್ಲಿನ ಮೂಲನಿವಾಸಿಗಳಾದ ಪೈಯೂಟ್ ಜನರು ತೊರೆಗಳಿಂದ ಕಾಲುವೆ ತೆಗೆದು ನೆಲಕ್ಕೆ ನೀರು ಹಾಯಿಸುತ್ತಿದ್ದರು. ಅವರನ್ನು ಬಲಾತ್ಕಾರದಿಂದ ಸರಿಸಿ ಬಂದ ರೈತರು ತೋಟಗಳನ್ನೂ ಹುಲ್ಲುಗಾವಲುಗಳನ್ನೂ ಮಾಡಿಕೊಂಡಿದ್ದರು. ಅಮೆರಿಕ ಸರ್ಕಾರದ ನೀರಾವರಿ ಇಲಾಖೆಯು ಆ ರೈತರಿಗಾಗಿಯೇ ಅಲ್ಲಿ ಒಂದು ಯೋಜನೆಯನ್ನು ಪರಿಶೀಲಿಸುತ್ತಿತ್ತು. ಇಂಥ ಸಮಯದಲ್ಲಿ ಈಟನ್ನನು ಅಲ್ಲಿಗೆ ಹೋಗಿ ಹೊಲಗಳನ್ನೂ ನೀರಿನ ಹಕ್ಕುಗಳನ್ನೂ ಕೊಳ್ಳತೊಡಗಿದನು. ಆತನು ಸರ್ಕಾರದ ಯೋಜನೆಯ ಪರವಾಗಿ ಬಂದವನೆಂದು ಅನೇಕ ರೈತರು ನಂಬಿದರು. ಆ ನಂಬಿಕೆಯನ್ನು ಆತನು ತಿದ್ದಲಿಲ್ಲ. ಸರ್ಕಾರದ ಆ ಯೋಜನೆಯ ಎಂಜಿನಿಯರನೂ ಗುಟ್ಟಾಗಿ ನಗರದ ಪಕ್ಷಕ್ಕೆ ಒಲಿದಿದ್ದನು. ೧೯೦೫ರ ಜುಲೈ ಕೊನೆಯಲ್ಲಿ ಸುದ್ದಿಯು ಪತ್ರಿಕೆಯಲ್ಲಿ ಪ್ರಕಟವಾದಾಗ ನಗರದಲ್ಲಿ ಹರ್ಷವಾಯಿತು, ಕಣಿವೆಯಲ್ಲಿ ಸಿಡಿಲೆರಗಿದಂತಾಯಿತು. ಸರ್ಕಾರವು ತನ್ನ ನೀರಾವರಿ ಯೋಜನೆಯನ್ನು ಕೈಬಿಟ್ಟಿತು. ೧೯೦೬ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟನು, ಹೆಚ್ಚು ಜನಕ್ಕೆ ಹಿತವಾಗುವುದೇ ನ್ಯಾಯವೆಂದು ಬಗೆದು, ನಗರದ ಪಕ್ಷವನ್ನು ವಹಿಸಿದನು.

ಇಲ್ಲಿ ಇನ್ನೊಂದು ಸಂಗತಿಯನ್ನೂ ಮುಚ್ಚಿಡಲಾಗದು. ನಗರದ ಉತ್ತರಕ್ಕಿರುವ ಸಾನ್ ಫರ್ನಾಂಡೋ ಎಂಬ ಒಣಭೂಮಿಯನ್ನು ಕೆಲವರು ಧನಿಕರು, ಪತ್ರಿಕೆಗಳ ಒಡೆಯರು, ರೈಲು ಕಂಪನಿಗಳ ಮುಖ್ಯಸ್ಥರು ಒಟ್ಟಾಗಿ ಅಗ್ಗದ ಬೆಲೆಗೆ ಕೊಂಡಿದ್ದರು. ಹೊಸ ಕಾಲುವೆಯು ಹಾದುಬರುವುದು ಆ ದಾರಿಯಲ್ಲಿಯೇ. ನೀರನ್ನು ನಗರದ ಎಲ್ಲೆಯ ಹೊರಗೆ ಶಾಶ್ವತವಾಗಿ ಕೊಡಕೂಡದೆಂಬ ಕಟ್ಟು ಇದ್ದುದರಿಂದ, ೧೯೧೫ರಲ್ಲಿ ಆ ಭೂಮಿಯನ್ನೇ ನಗರದೊಳಗೆ ಸೇರಿಸಿಕೊಳ್ಳಲಾಯಿತು! ನೆಲದ ಬೆಲೆಯು ಎಷ್ಟು ಪಟ್ಟು ಏರಿತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಮಲ್ಹಾಲಂಡನು ಇದರಿಂದ ತಾನು ಹಣ ಮಾಡಿಕೊಂಡವನಲ್ಲ. ಆ ವಿಷಯದಲ್ಲಿ ಆತನ ಕೈ ಶುದ್ಧವಾಗಿತ್ತು. ಆದರೆ ಆತನ ಶುದ್ಧವಾದ ಕೈ ಕಟ್ಟಿದ ಕಾಲುವೆಯಿಂದ ಯಾರ ಬೊಕ್ಕಸವು ತುಂಬುವುದೆಂಬುದನ್ನು ಆತನು ಅರಿಯದವನೂ ಆಗಿರಲಿಲ್ಲ.

ನಗರದ ಪೌರರು ೧೯೦೫ರಲ್ಲಿ ೧೫ ಲಕ್ಷ ಡಾಲರುಗಳ, ೧೯೦೭ರಲ್ಲಿ ೨ ಕೋಟಿ ೩೦ ಲಕ್ಷ ಡಾಲರುಗಳ ಸಾಲಪತ್ರಗಳಿಗೆ ಮತದಾನದ ಮೂಲಕ ಒಪ್ಪಿಗೆಯಿತ್ತರು. ಒಂದು ನಗರವು ತನ್ನ ಮುಂದಿನ ತಲೆಮಾರಿಗಾಗಿ ತನ್ನನ್ನೇ ಒತ್ತೆಯಿಟ್ಟುಕೊಂಡಂತಾಯಿತು. ೧೯೦೮ರಲ್ಲಿ ಕಾಮಗಾರಿಯು ಭರದಿಂದ ಆರಂಭವಾಯಿತು. ಕಾಲುವೆಯ ಉದ್ದ ೨೩೩ ಮೈಲಿ. ರೈಲು ಇಲ್ಲದ ಕಡೆ ರೈಲು, ರಸ್ತೆಯಿಲ್ಲದ ಕಡೆ ರಸ್ತೆ, ಕುಡಿಯಲು ನೀರಿಲ್ಲದ ಮರಳುಗಾಡಿನಲ್ಲಿ ಸಾವಿರಾರು ಕೂಲಿಗಳಿಗೆ ನೀರು, ಊಟ, ಬಿಡಾರ, ಇವೆಲ್ಲವನ್ನೂ ಮೊದಲು ಒದಗಿಸಬೇಕಾಯಿತು. ಸಿಮೆಂಟಿಗಾಗಿ ನಗರವು ತನ್ನದೇ ಒಂದು ಕಾರ್ಖಾನೆಯನ್ನು ಸ್ಥಾಪಿಸಿತು. ಆಗ ಹೊಸದಾಗಿ ಬಂದಿದ್ದ ಟ್ರಾಕ್ಟರುಗಳು ಮರಳಿನಲ್ಲಿ ಕೆಟ್ಟು ನಿಂತಾಗ, ಐವತ್ತೆರಡು ಹೇಸರಗತ್ತೆಗಳನ್ನು ಒಂದೇ ಬಂಡಿಗೆ ಹೂಡಿ ಮಹಾಗಾತ್ರದ ಉಕ್ಕಿನ ಕೊಳವೆಗಳನ್ನು ಸಾಗಿಸಲಾಯಿತು. ಯಂತ್ರಕ್ಕಿಂತ ಮೂಕಪ್ರಾಣಿಯೇ ಮೇಲಾಯಿತು. ಆಳವಾದ ಕಮರಿಗಳು ಅಡ್ಡಬಂದಲ್ಲಿ ನೀರನ್ನು ಕೊಳವೆಯಲ್ಲಿ ಕೆಳಕ್ಕಿಳಿಸಿ, ಅದರ ಒತ್ತಡದಿಂದಲೇ ಆಚೆಯ ದಡಕ್ಕೆ ಏರಿಸುವ ಉಪಾಯವನ್ನು ಮಾಡಿದರು. ಎಲಿಜಬೆತ್ ಸುರಂಗವೊಂದೇ ಐದು ಮೈಲಿ ಉದ್ದ. ಎರಡು ತುದಿಗಳಿಂದಲೂ ಬಂಡೆಯನ್ನು ಕೊರೆಯುತ್ತ ಬಂದ ತಂಡಗಳು ೧೯೧೧ರಲ್ಲಿ ನೆಲದೊಳಗೆ ಸಂಧಿಸಿದವು. ನಡುವೆ ೧೯೧೦ರಲ್ಲಿ ಸಾಲಪತ್ರಗಳನ್ನು ಕೊಳ್ಳುವವರು ಹಿಮ್ಮೆಟ್ಟಿದ್ದರಿಂದ ಹಣ ನಿಂತು, ಕೂಲಿಗಳನ್ನು ಮನೆಗೆ ಕಳುಹಿಸಬೇಕಾಯಿತು. ಮಲ್ಹಾಲಂಡನು ಧೈರ್ಯಗೆಡಲಿಲ್ಲ, ಬಿಡಾರದಿಂದ ಬಿಡಾರಕ್ಕೆ ಓಡಾಡುತ್ತ, ಕೆಲಸಗಾರರೊಡನೆ ಉಣ್ಣುತ್ತ, ಅವರ ಹಾಸ್ಯಕ್ಕೆ ಹಾಸ್ಯ ಸೇರಿಸುತ್ತ ಕೆಲಸವನ್ನು ನಡೆಸಿದನು.

೧೯೧೩ನೆಯ ಇಸವಿ ನವೆಂಬರ್ ೫ರಂದು, ಅಂದಾಜು ಮಾಡಿದ ವೆಚ್ಚವನ್ನು ಮೀರದೆ, ಕಾಲುವೆಯು ಪೂರ್ಣವಾಯಿತು. ನಗರದ ಉತ್ತರದ ಬೆಟ್ಟದ ತಪ್ಪಲಿನಲ್ಲಿ ಮೂವತ್ತು ಸಾವಿರಕ್ಕೂ ಮಿಗಿಲಾದ ಜನ ನೆರೆದಿದ್ದರು. ಅನೇಕರ ಕೈಯಲ್ಲಿ ಲೋಟಗಳಿದ್ದವು. ಬಾಗಿಲುಗಳನ್ನು ಎತ್ತಿದೊಡನೆ ಸಿಯೆರಾದ ಹಿಮಜಲವು ಮೆಟ್ಟಿಲುಮೆಟ್ಟಿಲಾಗಿ ಧುಮುಕಿ ಬಂದಿತು. ಆ ಸಂಭ್ರಮದಲ್ಲಿ ಮಲ್ಹಾಲಂಡನು ಮೇಯರನತ್ತ ತಿರುಗಿ ಮಾಡಿದ ಭಾಷಣವು ಐದೇ ಐದು ಶಬ್ದಗಳದು. ನೀರು ಇಗೋ ಬಂದಿದೆ, ಸ್ವೀಕರಿಸಬಹುದೆಂಬುದಷ್ಟೇ ಅದರ ತಾತ್ಪರ್ಯ. ಸಮಾರಂಭಗಳಲ್ಲಿ ಗಂಟೆಗಟ್ಟಲೆ ಮಾತನಾಡುವ ನಮ್ಮಂಥವರು ಇದನ್ನು ನೆನೆದು ಸ್ವಲ್ಪ ನಾಚಬೇಕು. ಮರುವರ್ಷ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವು ಶಾಲೆ ಬಿಟ್ಟ ಈ ಐರಿಷ್ ನಾವಿಕನಿಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತು ಸನ್ಮಾನಿಸಿತು. ೧೯೧೫ರಲ್ಲಿ ಪತ್ನಿ ಲಿಲ್ಲಿ ಗತಿಸಿದಳು. ಮೇಯರ್ ಪದವಿಗೆ ನಿಲ್ಲಬೇಕೆಂದು ಜನರು ಒತ್ತಾಯಿಸಿದಾಗ ಆತನು ನಗೆಮಾತಿನಿಂದ ಅದನ್ನು ತಳ್ಳಿಹಾಕಿದನು.

ಆದರೆ ತುಪ್ಪ ಸುರಿದಷ್ಟೂ ಅಗ್ನಿಯು ಶಮನವಾಗದೆ ಜ್ವಲಿಸುವಂತೆ, ನೀರು ಬಂದಷ್ಟೂ ನಗರದ ದಾಹವು ಹೆಚ್ಚಿತು. ಇರುವ ಜನಕ್ಕಾಗಿ ನೀರನ್ನು ತಂದರೆ, ತಂದ ನೀರು ಹೊಸ ಜನವನ್ನು ಕರೆತಂದಿತು. ೧೯೧೦ರಲ್ಲಿ ಮೂರು ಲಕ್ಷ ಹತ್ತೊಂಬತ್ತು ಸಾವಿರವಿದ್ದ ಜನಸಂಖ್ಯೆಯು ೧೯೨೦ರಲ್ಲಿ ಐದು ಲಕ್ಷ ಎಪ್ಪತ್ತಾರು ಸಾವಿರಕ್ಕೂ, ೧೯೩೦ರಲ್ಲಿ ಹನ್ನೆರಡು ಲಕ್ಷ ಮೂವತ್ತೆಂಟು ಸಾವಿರಕ್ಕೂ ಏರಿತು. ಜೊತೆಗೆ ೧೯೨೦ರ ದಶಕದ ಆರಂಭದಲ್ಲಿ ಬರಗಾಲವೂ ಕಾಡಿತು. ನಗರವು ಓವೆನ್ಸ್ ಕಣಿವೆಯ ಮೇಲ್ಭಾಗದ ಹೊಲಗಳನ್ನೂ ಕಾಲುವೆಗಳನ್ನೂ ಒಂದೊಂದಾಗಿ ಕೊಂಡು, ಅಂತರ್ಜಲವನ್ನೂ ಯಂತ್ರಗಳಿಂದ ಎತ್ತತೊಡಗಿತು. ಒಬ್ಬ ರೈತನು ಮಾರಿದರೆ ಅದೇ ಕಾಲುವೆಯ ನೆರೆಯವನಿಗೆ ನೀರಿಲ್ಲದಂತಾಗುವುದು, ಆತನೂ ಮಾರಲೇಬೇಕು. ಅಣ್ಣತಮ್ಮಂದಿರಂತಿದ್ದವರ ನಡುವೆ ಅಪನಂಬಿಕೆಯು ಹುಟ್ಟಿತು. ೧೯೨೪ರ ಮೇ ತಿಂಗಳಿನ ಒಂದು ಇರುಳು ಕಣಿವೆಯವರು ಸಿಡಿಮದ್ದಿನಿಂದ ಕಾಲುವೆಯನ್ನು ಒಡೆದರು. ಅದೇ ವರ್ಷದ ನವೆಂಬರ್ ೧೬ರಂದು ಹಲವಾರು ಮಂದಿ ಹಾಡುಹಗಲಿನಲ್ಲಿಯೇ ಅಲಬಾಮಾ ಎಂಬಲ್ಲಿನ ತೂಬುಗಳನ್ನು ವಶಪಡಿಸಿಕೊಂಡು, ನಗರಕ್ಕೆ ಹೋಗುವ ನೀರನ್ನೆಲ್ಲ ಹಳೆಯ ಪಾತ್ರಕ್ಕೆ ತಿರುಗಿಸಿಬಿಟ್ಟರು. ಹೆಂಗಸರೂ ಮಕ್ಕಳೂ ಬುತ್ತಿ ಕಟ್ಟಿಕೊಂಡು ಬಂದು ಜಾತ್ರೆಯಂತೆ ನೆರೆದರು. ನಾಲ್ಕು ದಿನ ಆ ನೀರು ತನ್ನ ಮನೆಯ ಸರೋವರಕ್ಕೆ ಹರಿಯಿತು. ಸಂಧಾನದ ಭರವಸೆ ದೊರೆತ ಮೇಲೆ ಚದುರಿದರು. ಭರವಸೆಯು ಫಲಿಸಲಿಲ್ಲ. ೧೯೨೭ರಲ್ಲಿ ಮತ್ತೆ ಸಿಡಿಮದ್ದು ಸಿಡಿಯಿತು; ಅದೇ ವರ್ಷ ಆಗಸ್ಟಿನಲ್ಲಿ ಕಣಿವೆಯ ಹೋರಾಟದ ನಾಯಕರಾಗಿದ್ದ ಸೋದರರ ಬ್ಯಾಂಕು ಮುಳುಗಿ, ಅವರೇ ಹಣದ ಅವ್ಯವಹಾರಕ್ಕಾಗಿ ಸೆರೆಮನೆ ಸೇರಿ, ಜನರ ಉಳಿತಾಯವೂ ಹೋರಾಟವೂ ಒಟ್ಟಿಗೆ ಮಣ್ಣುಪಾಲಾದವು.

ಈ ರೈತರ ವಿಷಯದಲ್ಲಿ ಮಲ್ಹಾಲಂಡನು ಆಡಿದ ಮಾತುಗಳು ಬಹಳ ಕಠೋರವಾದವು. ಅವನ್ನು ಇಲ್ಲಿ ಬರೆಯುವುದು ಬೇಡ. ತನ್ನ ನಗರದ ಮುಂದಿನ ಮೂವತ್ತು ವರ್ಷವನ್ನು ಕಾಣಬಲ್ಲ ಕಣ್ಣಿಗೆ ಎದುರಿಗೆ ನಿಂತ ಮನುಷ್ಯನು ಕಾಣದೆಹೋದುದು ಆತನ ಚರಿತ್ರೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ಸಂಗತಿ.

ಹಳೆಯ ಗೆಳೆತನವೂ ಈ ನೀರಿನಲ್ಲಿಯೇ ಕರಗಿತು. ಕಣಿವೆಯ ನೆತ್ತಿಯಲ್ಲಿ ಲಾಂಗ್ ವ್ಯಾಲಿ ಎಂಬ ಪ್ರಶಸ್ತವಾದ ಸ್ಥಳವಿತ್ತು. ಅಲ್ಲಿ ದೊಡ್ಡ ಅಣೆಕಟ್ಟನ್ನು ಕಟ್ಟಿದರೆ ಮಳೆಯ ವರ್ಷಗಳ ನೀರನ್ನು ಬರದ ವರ್ಷಗಳಿಗೆ ಕೂಡಿಡಬಹುದಾಗಿತ್ತು. ನಗರಕ್ಕೂ ಕಣಿವೆಗೂ ಒಂದು ಮಟ್ಟಿಗೆ ಸಾಲಬಹುದಾಗಿತ್ತು. ಆ ಭೂಮಿಯು ಈಟನ್ನನದು. ಆತನು ಹತ್ತು ಲಕ್ಷ ಡಾಲರು ಕೇಳಿದನು. ಮಲ್ಹಾಲಂಡನು ಅಷ್ಟನ್ನು ಕೊಡಲೊಲ್ಲದೆ ಹಠ ಹಿಡಿದನು. ವರ್ಷಗಟ್ಟಲೆ ಇಬ್ಬರಿಗೂ ಮಾತಿಲ್ಲದಾಯಿತು. ಒಂದು ಜಾಗದ ಬೆಲೆಯ ಮೇಲೆ ಹುಟ್ಟಿದ ಈ ಹಠದಿಂದಾಗಿ, ನೀರನ್ನು ಸಂಗ್ರಹಿಸಲು ನಗರದ ಸಮೀಪದಲ್ಲಿಯೇ ಬೇರೆ ಜಾಗಗಳನ್ನು ಹುಡುಕಬೇಕಾಯಿತು. ಸಿಡಿಮದ್ದಿನವರ ಭಯವೂ ಇದಕ್ಕೆ ಒಂದು ಕಾರಣ. ಹಾಗೆ ಆರಿಸಿದ ಸ್ಥಳಗಳಲ್ಲಿ ಒಂದು, ಸಾನ್ ಫ್ರಾನ್ಸಿಸ್ಕಿಟೋ ಎಂಬ ಕಮರಿ.

ಅಲ್ಲಿ ೧೯೨೪ರಿಂದ ೧೯೨೬ರವರೆಗೆ ಸೇಂಟ್ ಫ್ರಾನ್ಸಿಸ್ ಎಂಬ ಕಾಂಕ್ರೀಟಿನ ಅಣೆಕಟ್ಟು ಎದ್ದಿತು. ಕಟ್ಟುತ್ತಿರುವಾಗಲೇ, ಹೆಚ್ಚು ನೀರು ನಿಲ್ಲಲೆಂದು, ಮೊದಲು ಹತ್ತು ಅಡಿ, ಅನಂತರ ಮತ್ತೆ ಹತ್ತು ಅಡಿ ಎತ್ತರಿಸಿದರು. ಎತ್ತರಕ್ಕೆ ತಕ್ಕಂತೆ ಬುಡವನ್ನು ಅಗಲಿಸಲಿಲ್ಲ. ಹೊರಗಿನ ತಜ್ಞರು ಯಾರೂ ಆ ನಕ್ಷೆಯನ್ನು ಪರೀಕ್ಷಿಸಲಿಲ್ಲ. ಅಣೆಕಟ್ಟುಗಳ ಮೇಲ್ವಿಚಾರಣೆಗೆ ಆ ರಾಜ್ಯದಲ್ಲಿ ಕಾಯಿದೆಯಿದ್ದರೂ ನಗರಸಭೆಗಳು ಕಟ್ಟುವಂಥವಕ್ಕೆ ಅದರಿಂದ ವಿನಾಯಿತಿಯಿತ್ತು. ಮಲ್ಹಾಲಂಡನು ಒಪ್ಪಿದರೆ ಸಾಕು. ಅದಕ್ಕೆ ಮೇಲೆ ಇನ್ನೇನು ಬೇಕೆಂಬುದು ಎಲ್ಲರ ಭಾವನೆಯಾಗಿತ್ತು. ಸುಮಾರು ೧,೨೦೦ ಕೋಟಿ ಗ್ಯಾಲನ್ ನೀರು ಹಿಡಿಯುವ ಆ ಜಲಾಶಯವು ೧೯೨೮ರ ಮಾರ್ಚ್ ೭ರಂದು ಮೊತ್ತಮೊದಲ ಬಾರಿಗೆ ಕಂಠಪೂರ್ತಿ ತುಂಬಿತು.

ಐದು ದಿನಗಳ ಅನಂತರ, ಮಾರ್ಚ್ ೧೨ರ ಬೆಳಗ್ಗೆ, ಕಟ್ಟೆಯ ಕಾವಲುಗಾರನು ಪಶ್ಚಿಮದ ಅಂಚಿನಲ್ಲಿ ಹೊಸ ಸೋರಿಕೆಯೊಂದನ್ನು ಕಂಡನು. ನೀರು ಕದಡಿತ್ತು. ಕದಡಿದ ಸೋರಿಕೆಯೆಂದರೆ ಬುಡದ ಮಣ್ಣು ಕೊರೆಯುತ್ತಿದೆಯೆಂಬುದರ ಲಕ್ಷಣ. ಕೆರೆಯ ಏರಿಯನ್ನು ಬಲ್ಲ ನಮ್ಮ ಯಾವ ನೀರುಗಂಟಿಯೂ ಇದನ್ನು ಹೇಳಿಯಾನು. ಕಾವಲುಗಾರನು ದೂರವಾಣಿ ಮಾಡಲು ಮಲ್ಹಾಲಂಡನು ತನ್ನ ಸಹಾಯಕ ವ್ಯಾನ್ ನಾರ್ಮನ್ನನೊಡನೆ ಬಂದು ಸುಮಾರು ಎರಡು ಗಂಟೆಗಳ ಕಾಲ ಪರೀಕ್ಷಿಸಿದನು. ಸೋರುವ ನೀರು ಮೂಲದಲ್ಲಿ ತಿಳಿಯಾಗಿಯೇ ಇದೆ, ಕೆಳಗಿನ ಹೊಸ ರಸ್ತೆಯ ಸಡಿಲಮಣ್ಣಿನಿಂದ ಕದಡಿದೆ, ಇಂಥ ದೊಡ್ಡ ಕಟ್ಟೆಗೆ ಇಷ್ಟು ಸೋರಿಕೆ ಸಹಜ, ಅಪಾಯವಿಲ್ಲ ಎಂದು ನಿರ್ಣಯಿಸಿ ಮನೆಗೆ ಹಿಂದಿರುಗಿದನು. ಆಗ ಆತನಿಗೆ ಎಪ್ಪತ್ತೆರಡು ವರ್ಷ.

ಅದೇ ದಿನ ನಡುರಾತ್ರಿಗೆ ಎರಡು ಮೂರು ನಿಮಿಷಗಳಿರುವಾಗ ಅಣೆಕಟ್ಟು ಒಡೆಯಿತು. ಮೊದಲು ಕೊಚ್ಚಿಹೋದವರಲ್ಲಿ ಕಟ್ಟೆಯ ಬುಡದಲ್ಲಿ ವಾಸವಾಗಿದ್ದ ಆ ಕಾವಲುಗಾರನೂ ಆತನ ಚಿಕ್ಕ ಮಗನೂ ಸೇರಿದ್ದರು. ವಿದ್ಯುದಾಗಾರ, ಅದರ ನೌಕರರ ಮನೆಗಳು, ಕೂಲಿಗಾರರ ಬಿಡಾರಗಳು, ಕಿತ್ತಳೆಯ ತೋಟಗಳು, ಎಲ್ಲವನ್ನೂ ಬಳಿದುಕೊಂಡು ಪ್ರವಾಹವು ಸಾಂಟಾ ಕ್ಲಾರಾ ನದಿಯ ಬಯಲಿನಲ್ಲಿ ೫೪ ಮೈಲಿ ಹರಿದು ಐದೂವರೆ ಗಂಟೆಗಳ ಬಳಿಕ ಕಡಲನ್ನು ಸೇರಿತು. ಸಾಂಟಾ ಪೌಲಾ ಎಂಬ ಊರಿನಲ್ಲಿ ದೂರವಾಣಿ ಕೇಂದ್ರದ ಹೆಣ್ಣುಮಕ್ಕಳು ಪ್ರಾಣಭಯವನ್ನು ಲೆಕ್ಕಿಸದೆ ಪೀಠದಲ್ಲಿಯೇ ಕುಳಿತು ಮನೆಮನೆಗೂ ಕರೆ ಮಾಡಿ ಎಬ್ಬಿಸಿದರು; ಮೋಟಾರು ಸೈಕಲ್ಲಿನ ಪೋಲೀಸರು ಬೀದಿಬೀದಿಯಲ್ಲಿ ಬಾಗಿಲು ತಟ್ಟಿದರು. ಅದರಿಂದ ಅನೇಕರು ಉಳಿದರು. ಆದರೂ ನಾನೂರಕ್ಕೂ ಮಿಗಿಲಾದ ಪ್ರಾಣಗಳು ಹೋದವು. ತೋಟದ ಕೆಲಸಕ್ಕೆ ಬಂದ ಮೆಕ್ಸಿಕೋ ದೇಶದ ಬಡವರೆಷ್ಟೋ ಮಂದಿ ಯಾವ ಲೆಕ್ಕಕ್ಕೂ ಸಿಕ್ಕದೆ ಹೋದುದರಿಂದ ಸತ್ತವರ ಸಂಖ್ಯೆಯು ಇಂದಿಗೂ ನಿಖರವಾಗಿಲ್ಲ.

ವಿಚಾರಣೆಯ ಮಂಡಲಿಯ ಮುಂದೆ ಮಲ್ಹಾಲಂಡನು ಕೈ ನಡುಗುತ್ತ, ಕುಗ್ಗಿದ ದನಿಯಲ್ಲಿ ನಿಂತನು. ಸಿಡಿಮದ್ದಿನವರ ಮೇಲೆ ಅಪವಾದವನ್ನು ಹೊರಿಸಿ ಪಾರಾಗಲು ಎಡೆಯಿತ್ತು; ಆ ಸಂಶಯವು ಆತನ ಮನಸ್ಸಿನಲ್ಲಿ ಸುಳಿಯದೆಯೂ ಇರಲಿಲ್ಲ. ಆದರೆ ಕೈಕೆಳಗಿನ ಒಬ್ಬ ನೌಕರನ ಮೇಲೂ ತಪ್ಪನ್ನು ಹಾಕಗೊಡದೆ, ತಪ್ಪಿದ್ದರೆ ಅದು ತನ್ನದೊಬ್ಬನದೇ ಎಂದು ಒಪ್ಪಿಕೊಂಡನು. ಸತ್ತವರನ್ನು ಕಂಡು ತನಗೆ ಅಸೂಯೆಯಾಗುತ್ತಿದೆಯೆಂದು ಆ ವೃದ್ಧನು ಹೇಳಿಕೊಂಡಾಗ ಸಭೆಯು ಸ್ತಬ್ಧವಾಯಿತು. ಅಪರಾಧದ ಮೊಕದ್ದಮೆಗೆ ಕಾರಣವಿಲ್ಲವೆಂದು ಮಂಡಲಿಯು ತೀರ್ಮಾನಿಸಿತು. ಜೊತೆಗೆ, ಎಷ್ಟೇ ಹಿರಿಯನಾಗಿರಲಿ, ದೊಡ್ಡ ಅಣೆಕಟ್ಟಿನ ನಿರ್ಮಾಣವನ್ನು ಒಬ್ಬನೇ ಮನುಷ್ಯನ ವಿವೇಚನೆಗೆ ಎಂದೂ ಬಿಡಬಾರದೆಂದು ಬರೆಯಿತು. ೧೯೨೯ರಲ್ಲಿ ಆ ರಾಜ್ಯವು ಅಣೆಕಟ್ಟುಗಳ ಭದ್ರತೆಗಾಗಿ ಬಿಗಿಯಾದ ಕಾಯಿದೆಯನ್ನು ಮಾಡಿತು. ನಗರದೊಳಗೆ ಹಾಲಿವುಡ್ಡಿನ ಬೆಟ್ಟದಲ್ಲಿ ಅದೇ ಮಾದರಿಯಲ್ಲಿ ಕಟ್ಟಿದ, ಮಲ್ಹಾಲಂಡನ ಹೆಸರನ್ನೇ ಹೊತ್ತ ಅಣೆಕಟ್ಟಿಗೆ ಜನರು ಹೆದರತೊಡಗಿದ್ದರಿಂದ, ಅದರ ಮುಂಭಾಗಕ್ಕೆ ಮಣ್ಣನ್ನು ಒತ್ತಾಗಿ ಪೇರಿಸಿ, ಮೇಲೆ ಮರಗಳನ್ನು ನೆಟ್ಟು, ಕಾಂಕ್ರೀಟೇ ಕಾಣದಂತೆ ಮಾಡಿದರು.

ಸೇಂಟ್ ಫ್ರಾನ್ಸಿಸ್ ಕಟ್ಟೆಯ ಪೂರ್ವದ ದಡವು ಪುರಾತನಕಾಲದಲ್ಲಿ ಜಾರಿಬಿದ್ದ ಬೆಟ್ಟದ ಭಾಗವೆಂಬುದನ್ನು ಎಷ್ಟೋ ದಶಕಗಳ ಬಳಿಕ ಭೂವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ಆ ಕಾಲದ ಶಾಸ್ತ್ರಜ್ಞಾನಕ್ಕೆ ಅದು ನಿಲುಕುತ್ತಿರಲಿಲ್ಲವೆಂದು ಕೆಲವರು ಮಲ್ಹಾಲಂಡನ ಪರವಾಗಿ ವಾದಿಸುತ್ತಾರೆ. ಇರಬಹುದು. ಆದರೆ ಅರ್ಹರಾದ ಇಬ್ಬರು ಮೂವರನ್ನು ಕರೆದು ಕೇಳುವುದಕ್ಕೆ ಶಾಸ್ತ್ರದ ಕೊರತೆಯು ಅಡ್ಡಿಯಾಗಿರಲಿಲ್ಲ. ಬುಡವನ್ನು ಅಗಲಿಸದೆ ಎತ್ತರಿಸಬಾರದೆಂಬುದು ಅಂದೂ ತಿಳಿದಿದ್ದ ವಿಷಯ.

೧೯೨೮ರ ಕೊನೆಯಲ್ಲಿ ಆತನು ಐವತ್ತು ವರ್ಷಗಳ ಸೇವೆಯಿಂದ ನಿವೃತ್ತನಾಗಿ, ಬಹುಮಟ್ಟಿಗೆ ಏಕಾಂತವಾಸಿಯಾದನು. ವಿಪರ್ಯಾಸವೆಂದರೆ, ಆತನ ಕೊನೆಯ ದೊಡ್ಡ ಯೋಜನೆಯು ಈ ಮೌನದ ವರ್ಷಗಳಲ್ಲಿಯೇ ರೂಪುಗೊಳ್ಳುತ್ತಿತ್ತು. ಓವೆನ್ಸ್ ನೀರೂ ಸಾಲದೆಂದು ೧೯೨೩ರಲ್ಲಿಯೇ ಕಂಡುಕೊಂಡ ಆತನು ಪೂರ್ವದ ಕೊಲರಾಡೋ ನದಿಯಿಂದ ನೀರು ತರುವ ಮಾರ್ಗದ ಸರ್ವೇಕ್ಷಣೆಯನ್ನು ತೊಡಗಿಸಿದ್ದನು. ಈ ಸಲ ಒಂದೇ ನಗರವಲ್ಲ. ಹಲವು ನಗರಗಳು ಕೂಡಿ ೧೯೨೮ರಲ್ಲಿ ಒಂದು ಜಲಮಂಡಲಿಯನ್ನು ರಚಿಸಿಕೊಂಡವು, ೧೯೩೧ರಲ್ಲಿ ಅವುಗಳ ಮತದಾರರು ೨೨ ಕೋಟಿ ಡಾಲರುಗಳ ಸಾಲಕ್ಕೆ ಒಪ್ಪಿದರು, ೧೯೪೧ರಲ್ಲಿ ಆ ನೀರು ಬಂದಿತು. ಲಾಂಗ್ ವ್ಯಾಲಿಯ ಅಣೆಕಟ್ಟೂ ಅದೇ ವರ್ಷ ಮುಗಿಯಿತು. ಅದನ್ನು ಕಾಣಲು ಗೆಳೆಯರಿಬ್ಬರೂ ಇರಲಿಲ್ಲ. ಈಟನ್ನನು ೧೯೩೪ರಲ್ಲಿ ತೀರಿಕೊಂಡನು. ಅದಕ್ಕೆ ಮೊದಲು ಮಲ್ಹಾಲಂಡನು ಆತನ ಹಾಸಿಗೆಯ ಬಳಿಗೆ ಹೋಗಿದ್ದನೆಂಬುದೊಂದು ಸಮಾಧಾನ. ಮಲ್ಹಾಲಂಡನು ೧೯೩೫ರ ಜುಲೈ ೨೨ರಂದು ದೇಹವಿಟ್ಟನು. ಪಾರ್ಥಿವ ಶರೀರವನ್ನು ನಗರಭವನದಲ್ಲಿ ಇರಿಸಿದ್ದಾಗ ಸಾವಿರಾರು ಜನ ಸಾಲುಗಟ್ಟಿ ಬಂದು ಗೌರವ ಸಲ್ಲಿಸಿದರು. ತಾಯಿಗಾಲುವೆಯ ಆಳು ಹಿಂದೆ ಗುಡಿಸಲಿನಲ್ಲಿದ್ದ ಸ್ಥಳದ ಬಳಿ ೧೯೪೦ರಲ್ಲಿ ಆತನ ನೆನಪಿಗಾಗಿ ಒಂದು ಕಾರಂಜಿಯನ್ನು ನಿರ್ಮಿಸಿದರು.

ಇಂದು ಆ ನಗರದ ಜನಸಂಖ್ಯೆಯು ಮೂವತ್ತೆಂಟು ಲಕ್ಷವನ್ನು ಮೀರಿದೆ. ಅರ್ಧ ಶತಮಾನದ ಹಿಂದಿನದಕ್ಕಿಂತ ಜನ ಎಷ್ಟೋ ಹೆಚ್ಚಿದ್ದರೂ ನೀರಿನ ಒಟ್ಟು ಬಳಕೆಯು ಹೆಚ್ಚಿಲ್ಲವೆಂಬುದು ಅವರ ಹೆಮ್ಮೆ. ಮಲ್ಹಾಲಂಡನು ಮೀಟರು ಹಾಕಿಸಿ ತೋರಿಸಿದ ಮಿತವ್ಯಯದ ದಾರಿಗೆ ಅವರು ತಡವಾಗಿ ಮರಳಿದ್ದಾರೆ. ಇತ್ತ ಓವೆನ್ಸ್ ಸರೋವರವು ೧೯೨೦ರ ದಶಕದಲ್ಲಿಯೇ ಬತ್ತಿಹೋಗಿ, ಹಡಗು ತೇಲಿದಲ್ಲಿ ಉಪ್ಪುಮಣ್ಣಿನ ಧೂಳು ಎದ್ದು, ಉಸಿರಾಡುವವರ ಎದೆಯನ್ನು ಸೇರತೊಡಗಿತು. ಆ ಧೂಳನ್ನು ಅಡಗಿಸಲು ೨೦೦೧ರಿಂದ ನಗರವು ಸರೋವರದ ತಳಕ್ಕೆ ಅದೇ ನೀರಿನ ಒಂದು ಭಾಗವನ್ನು ಚಿಮುಕಿಸುತ್ತಿದೆ. ಅದಕ್ಕಾಗಿ ಇದುವರೆಗೆ ಇನ್ನೂರು ಕೋಟಿ ಡಾಲರುಗಳಿಗೂ ಮಿಗಿಲಾಗಿ ವೆಚ್ಚವಾಗಿದೆ. ಮೂಲ ಕಾಲುವೆಯ ಇಡೀ ವೆಚ್ಚವು ಎರಡೂವರೆ ಕೋಟಿಯೊಳಗಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ನ್ಯಾಯಾಲಯಗಳಲ್ಲಿ ದೀರ್ಘಕಾಲ ವ್ಯಾಜ್ಯ ನಡೆದ ಮೇಲೆ, ೨೦೦೬ರ ಡಿಸೆಂಬರಿನಲ್ಲಿ, ಓವೆನ್ಸ್ ನದಿಯ ಬತ್ತಿದ ಕೆಳಪಾತ್ರಕ್ಕೆ ಅದೇ ನಗರದವರು ಬಾಗಿಲೆತ್ತಿ ನೀರು ಬಿಟ್ಟರು. ತೊಂಬತ್ತಮೂರು ವರ್ಷಗಳ ಅನಂತರ ನದಿಯು ತನ್ನ ಹಳೆಯ ಹಾದಿಯಲ್ಲಿ ೬೨ ಮೈಲಿ ಹರಿಯಿತು. ಆ ಹಾದಿಯ ಕೊನೆಯಲ್ಲಿ, ಸರೋವರಕ್ಕೆ ಸೇರುವ ಮುನ್ನ, ಪಂಪುಗಳನ್ನಿಟ್ಟಿದ್ದಾರೆ. ಉಳಿದ ನೀರನ್ನು ಅಲ್ಲಿಂದ ಎತ್ತುತ್ತಾರೆ.